ಗುಡುಗಿಗೆ ಕಿತ್ತ ಕೀಬೋರ್ಡ್

ವಂಡ್ಸೆಯ ಲೀಲಾಧರನ ಟೈಪಿಂಗ್ ಅಂಗಡಿಯ ಕೆಲಸವನ್ನು ಸರಸ ಟೀಚರ್ ಬಿಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗಿನಿಂದ ರಂಜನ್‌ಗೆ ಊಟ ರುಚಿಸಲಿಲ್ಲ. ತಪ್ಪು ತನ್ನದೇ ಎಂದು ಅವನಿಗೆ ಆಗಲೇ ಖಾತ್ರಿಯಾಗಿತ್ತು. ಯಾವ ತಪ್ಪು ಎಂಬುದು ಮಾತ್ರ ಗೊತ್ತಿರಲಿಲ್ಲ.

ಕೊಲ್ಲೂರಿನ ವಸತಿಗೃಹವೊಂದರಲ್ಲಿ ಕೆಲಸಕ್ಕಿದ್ದ ಅವನಿಗೆ, ಹಿಂದೆ ಕುಂದಾಪುರದ ಸಂಜೆ ತರಗತಿಯಲ್ಲಿ ಕನ್ನಡ ಟೈಪಿಂಗ್ ಕಲಿಸಿದವರು ಇದೇ ಟೀಚರ್. ಸೋಮಾರಿಯಾದ ಅವನ ಕಿರುಬೆರಳಿಗೆ ಅಡಿಕೋಲಿನಲ್ಲಿ ತಟ್ಟಿ ತಟ್ಟಿ ಬುದ್ಧಿ ಹೇಳಿದ್ದರು. ಮೂರು ತಿಂಗಳ ಹಿಂದೆ ಅಂಗಡಿಯ ಲ್ಯಾಪ್‌ಟಾಪ್ ತೆವಳತೊಡಗಿದಾಗ ಅದಕ್ಕೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿದವನು ರಂಜನ್. ಟೀಚರ ಕೈಗೆ ಪಳಗಿದ ದೊಡ್ಡ ಕೀಬೋರ್ಡ್ ಜೋಡಿಸಿ, ಯಂತ್ರ ಶುರುವಾದೊಡನೆ ಅದರ ಕೀಗಳೆಲ್ಲ ಕನ್ನಡಕ್ಕೆ ತಿರುಗುವಂತೆ ಒಂದು ಸಾಲು ಆಜ್ಞೆಯನ್ನೂ ಬರೆದಿಟ್ಟಿದ್ದ.

ಆದರೆ ಕೆಲವು ದಿನ ಅರ್ಜಿಯ ನಡುವೆಯೇ ಕನ್ನಡ ಮಾಯವಾಗಿ ಇಂಗ್ಲಿಷ್ ಅಕ್ಷರಗಳು ರಾಶಿ ಬೀಳುತ್ತಿದ್ದವು. ಯಂತ್ರವನ್ನು ಆರಿಸಿ ಹಚ್ಚಿದರೆ ಎಲ್ಲ ಸರಿ. ರಂಜನ್ ನಾಲ್ಕು ಸಲ ಬಂದು ನೋಡಿದ್ದ. ನಾಲ್ಕು ಸಲವೂ ಅದು ಸಾಧುವಿನಂತೆ ಕನ್ನಡವನ್ನೇ ಬರೆದಿತ್ತು.

ಅಕ್ಟೋಬರಿನ ಆ ಶನಿವಾರ ಮಧ್ಯಾಹ್ನ ಅವನು ರಜೆ ಹಾಕಿ ಮತ್ತೆ ಬಂದ.

“ನಿಂದ್ ಎಂತ ತಪ್ಪಿಲ್ಲೆ ಮಗಾ,” ಎಂದರು ಟೀಚರ್. “ನನ್ನ ಬೆರಳೇ ಎಲ್ಲೋ ಎಂತದೋ ಒತ್ತತ್ತ್. ಟೈಪ್ ಮಾಡುಕೆ ಹಿಡ್ದ್ ನಲ್ವತ್ ವರ್ಷ ಆಯ್ತಲೆ, ಕೈಗೆ ಮರವು ಬಂತ್. ಜನರ ಅರ್ಜಿ ಹಾಳ್ ಮಾಡುದ್ ಬ್ಯಾಡ. ಸೋಮವಾರದಿಂದ ನಾ ಬತ್ತಿಲ್ಲೆ.”

“ಇಲ್ಲೆ ಟೀಚರೇ, ನಾ ಹಾಕದ್ದೇ ಸರಿ ಇಲ್ಲೆ.”

“ಹ್ವಾಯ್,” ಎಂದ ಲೀಲಾಧರ, “ಇಬ್ರೂ ತಪ್ಪು ನಂದ್ ನಂದ್ ಅಂತ ಎಳದಾಡುದ್ ಕಾಂಬುಕೆ ನಂಗೆ ಪುರ್ಸೊತ್ತಿಲ್ಲೆ. ಆ ಬಿಜೂರಿನವ್ರ ಅರ್ಜಿ ಆಯ್ತಾ?”

ಅಷ್ಟರಲ್ಲಿ ಕೊಲ್ಲೂರಿನ ಕಡೆ ಗುಡುಗು ಉರುಳಿತು.

“ಗುಡುಗ್ ಬಂತ್! ಎಲ್ಲ ತೆಗಿರಿ!” ಟೀಚರ್ ಎದ್ದೇಬಿಟ್ಟರು. ಫ್ಯಾನು, ಪ್ರಿಂಟರು, ಲ್ಯಾಪ್‌ಟಾಪಿನ ಚಾರ್ಜರು, ಒಂದೊಂದೇ ಪ್ಲಗ್ ಕಳಚಿತು. ರಂಜನ್‌ಗೆ ಅದರಲ್ಲಿ ವಿಶೇಷ ಕಾಣಲಿಲ್ಲ. ಅವನ ಮನೆಯಲ್ಲೂ ಗುಡುಗಿದರೆ ಇದೇ ಓಡಾಟ. ಆದರೆ ಟೀಚರ ಕೈ ಅಲ್ಲಿಗೇ ನಿಲ್ಲಲಿಲ್ಲ. ಕೀಬೋರ್ಡಿನ ವಯರನ್ನೂ ಕಿತ್ತು ಸುತ್ತಿ, ಹೂವಿನ ಚಿತ್ತಾರದ ಬಟ್ಟೆಯಲ್ಲಿ ಕೀಬೋರ್ಡನ್ನು ಕಟ್ಟಿ ಮೇಜಿನ ಖಾನೆಯಲ್ಲಿಟ್ಟರು.

“ಅದೆಂತಕೆ ಟೀಚರೇ?”

“ವಯರ್ ಇದ್ದದ್ದೆಲ್ಲ ತೆಗುದೇ. ಸಿಡಿಲಿಗೆಂತ ಗೊತ್ತಾತ್ತ್, ಯಾವ ವಯರ್ ಎಂತದ್ದ್ ಅಂತ?”

ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಬೆಳಗುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಮಳೆ ಕಳೆಯಿತು. ಟೀಚರ್ ಕೀಬೋರ್ಡ್ ಬಿಚ್ಚಿ ಸಿಕ್ಕಿಸಿ ಒಂದು ಪದ ಬಡಿದರು. ಇಂಗ್ಲಿಷ್ ರಾಶಿ.

“ಕಂಡ್ಯಾ?” ಅವರ ಮುಖ ಬಾಡಿತು. “ಈಗ ನಾ ಎಂತ ಒತ್ತಿದೆ?”

ರಂಜನ್‌ಗೆ ನಗುವೂ ಅಳುವೂ ಒಟ್ಟಿಗೆ ಬಂದವು. “ನೀವ್ ಎಂತದೂ ಒತ್ತಲಿಲ್ಲೆ ಟೀಚರೇ! ಬೆಳಿಗ್ಗೆ ಒಂದೇ ಸಲ ಹಾಜರಿ ಕರೂಕೆ ನಾ ಯಂತ್ರಕ್ಕೆ ಹೇಳಿದ್ದೆ. ಈ ಕೀಬೋರ್ಡಿನಾಂಗೆ ನಡುವೆ ಹೊರಗ್ ಹೋಯಿ ಬಂದವ್ರನ್ನ ಅದ್ ಹೊಸಬ್ರು ಅಂತ ಇಂಗ್ಲಿಷ್ ಬೆಂಚಿಗೆ ಕೂರ್ಸತ್ತ್. ತಪ್ಪು ನಂದೇ.”

“ಹಾಂಗಾರೆ ಗುಡುಗಿಗೆ ಕೀಬೋರ್ಡ್ ಕೀಳ್ಬೇಡಿ ಸರಸಕ್ಕ ಅಂದ್ರೆ ಮುಗಿತಲೆ!” ಎಂದ ಲೀಲಾಧರ.

ನಿಜ, ಒಂದೇ ಮಾತಿನ ಕೆಲಸ. ರಂಜನ್ ಹೇಳಲು ಬಾಯಿಯನ್ನೂ ತೆರೆದ. ಟೀಚರ್ ಆ ಬಟ್ಟೆಯನ್ನು ಮಡಚುತ್ತಿದ್ದರು. ಹಿಂದೆ ಕುಂದಾಪುರದಲ್ಲಿ ತರಗತಿ ಮುಗಿದ ಮೇಲೆ ಪ್ರತಿ ಟೈಪ್‌ರೈಟರಿಗೂ ಹೀಗೇ ಬಟ್ಟೆ ಹೊದೆಸಿಯೇ ಅವರು ಮನೆಗೆ ಹೊರಡುತ್ತಿದ್ದದ್ದು.

“ಬ್ಯಾಡ,” ಎಂದ. “ಯಂತ್ರಕ್ಕೇ ಹೇಳ್ತೆ.”

ಲ್ಯಾಪ್‌ಟಾಪಿನದೇ ಕೀಗಳಲ್ಲಿ ತನ್ನ ಹಳೆಯ ಸಾಲನ್ನು ಅಳಿಸಿದ. ಟೀಚರ ಈ ಕೀಬೋರ್ಡ್ ಯಾವ ಹೊತ್ತಿಗೆ ಬಂದು ಸೇರಿದರೂ ಅದಕ್ಕೆ ಕನ್ನಡವನ್ನೇ ಕೊಡು ಎಂದು ವ್ಯವಸ್ಥೆಯ ಕಡತದಲ್ಲಿ ಬರೆದ. ಮೂರು ಸಲ ಓದಿದ. ನಂಬಿಕೆ ಬಾರದೆ ನಾಲ್ಕನೆಯ ಸಲವೂ ಓದಿ, ಯಂತ್ರವನ್ನು ಆರಿಸಿ ಹಚ್ಚಿದ.

“ಈಗ ಕೀಳಿ ಟೀಚರೇ.”

“ಗುಡುಗ್ ಎಲ್ಲಿತ್ತ್ ಮಾರಾಯ?”

“ಇತ್ತ್ ಅಂದ್ಕಣಿ.”

ಟೀಚರ್ ಕಿತ್ತರು, ಹತ್ತು ಎಣಿಸಿದರು, ಸಿಕ್ಕಿಸಿದರು. ಕನ್ನಡ. ಇನ್ನೊಮ್ಮೆ. ಕನ್ನಡ. ಮೂರನೆಯ ಸಲ ಯಾರೂ ಹೇಳದೆಯೇ ಕಿತ್ತರು. ಆಮೇಲೆ ಅವರ ಹತ್ತೂ ಬೆರಳು ಬಿಜೂರಿನ ಅರ್ಜಿಯ ಮೇಲೆ ತಡೆಯಿಲ್ಲದೆ ಓಡಿದವು.

“ಸೋಮವಾರ, ಟೀಚರೇ?” ರಂಜನ್ ಅಳುಕುತ್ತ ಕೇಳಿದ.

“ಬತ್ತೆ. ನೀ ಮೊದ್ಲ್ ಇಲ್ಲಿ ಕೂಕೊ.” ಟೀಚರ್ ಖಾನೆಯಿಂದ ಅಡಿಕೋಲು ತೆಗೆದರು. “ಆಗ ನೀ ಟೈಪ್ ಮಾಡುವಾಗ ಕಂಡೆ. ನಿನ್ನ ಕಿರುಬೆರಳ್ ಇನ್ನೂ ಸುಮ್ನೆ ಕೂಕಂಡಿತ್ತ್.”

ರಂಜನ್ ಬೆನ್ನು ನೆಟ್ಟಗೆ ಮಾಡಿ ಕುಳಿತ.