ಅಕ್ಕನ ನಂಬರು ಮೂವತ್ತನಾಲ್ಕು

ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ತಮ್ಮನಿಗೆ ಅಕ್ಕ ಇಟ್ಟ ಹೆಸರು ಡಬ್ಬ. ಲೋಕವನ್ನೆಲ್ಲ ಶೇಡ್ ಕಾರ್ಡಿನ ನಂಬರಿನಲ್ಲೇ ನೋಡುವ ಆಸಾಮಿ ಅವನು. ಅಕ್ಕನ ಮೈಬಣ್ಣ ಮೂವತ್ತನಾಲ್ಕು, ಗಾಢ ಕಂದು. ನಂಬರು ಏರಿದಷ್ಟೂ ಬಣ್ಣ ಗಾಢ; ಅವನದು ಕಾರ್ಡಿನಲ್ಲಿ ಇನ್ನೂ ಎರಡು ಮನೆ ಕೆಳಗೆ, ಮೂವತ್ತಾರು.

ಅಕ್ಕನ ತೋಳಿನ ಒಳಬದಿಯಲ್ಲಿ ಅಂಗೈಯಗಲದ ಮಾಸಲು ಮಚ್ಚೆ ಕಾಣಿಸಿಕೊಂಡು ಎರಡು ವರ್ಷವಾಗಿತ್ತು. ಒಬ್ಬ ಡಾಕ್ಟರು ಹುಳುಕಡ್ಡಿ ಎಂದರು, ಇನ್ನೊಬ್ಬರು ಒಣಚರ್ಮ ಎಂದರು, ಮೂರನೆಯವರು ಸೋಪು ಬದಲಿಸಿ ನೋಡಿ ಎಂದರು. ಮುಲಾಮಿನ ಟ್ಯೂಬುಗಳು ಖಾಲಿಯಾದವು. ಮಚ್ಚೆ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ತಮ್ಮ ತಿಂಗಳಿಗೊಮ್ಮೆ ಕಾರ್ಡು ಹಿಡಿದು ಹಾಜರು.

"ತೋಳು ಕೊಡಕ್ಕ."

"ನಾನೇನು ಗೋಡೆನಾ? ಪುಟ್ಟಿನೂ ಹಚ್ಚಿ ಹೋಗ್ತೀಯಾ?"

ಅವನು ಕಾರ್ಡಿನ ಹಿಂದೆ ತಾರೀಕು ಹಾಕಿ ಮಚ್ಚೆಯ ನಂಬರು ಬರೆದುಕೊಳ್ಳುತ್ತಿದ್ದ. ಮೂವತ್ತೊಂದು. ಇಪ್ಪತ್ತೊಂಬತ್ತು. ಇಪ್ಪತ್ತಾರು. ಅವನಿಗೆ ಹೆದರಿಕೆ ಹತ್ತಿತ್ತು. ಅಮ್ಮನಿಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದವಳು ಅವಳೇ.

ನಾಲ್ಕನೆಯ ಡಾಕ್ಟರಮ್ಮನ ಹತ್ತಿರ ಅವಳನ್ನು ಎಳೆದುಕೊಂಡೇ ಹೋದ. ಆಕೆ ತೋಳು ನೋಡಿ, "ಕೆಂಪಗಾಗಿಲ್ವಲ್ಲ, ಗಾಬರಿ ಬೇಡ" ಎಂದರು.

ಡಬ್ಬನಿಗೆ ಸಿಟ್ಟು ನೆತ್ತಿಗೇರಿತು. "ಬಿಳಿ ಗೋಡೆ ಮೇಲೆ ಕಾಣೋ ಕೆಂಪು ನಮ್ಮಂಥ ಗೋಡೆ ಮೇಲೆ ಕಾಣುತ್ತಾ ಮೇಡಂ? ಡಬ್ಬಿ ಅದೇ ಆದ್ರೂ ಗೋಡೆ ಬದಲಾದ್ರೆ ಕಾಣೋ ಬಣ್ಣ ಬೇರೆ. ಎಂಟು ತಿಂಗಳಲ್ಲಿ ಐದು ನಂಬರು ಇಳಿದಿದೆ ಇದು!" ಎಂದು ಕಾರ್ಡನ್ನು ಮೇಜಿನ ಮೇಲಿಟ್ಟ.

ಅಕ್ಕ ನಾಚಿಕೆಯಿಂದ ಕುಗ್ಗಿಹೋದಳು. "ತಪ್ಪು ತಿಳ್ಕೋಬೇಡಿ ಮೇಡಂ. ಇವನು ಮನುಷ್ಯರನ್ನೂ ಲೀಟರ್ ಲೆಕ್ಕದಲ್ಲೇ ಅಳೀತಾನೆ."

ಡಾಕ್ಟರಮ್ಮ ನಗಲಿಲ್ಲ. ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದರು. "ನಾನು ಓದಿದ ಪುಸ್ತಕದಲ್ಲೂ ಬರೀ ಬಿಳಿ ಗೋಡೆಗಳೇ ಇದ್ವು" ಎಂದು ಮೆಲ್ಲಗೆ ಹೇಳಿ, ಮಚ್ಚೆಯಿಂದ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು.

ಚರ್ಮದ ಅಪರೂಪದ ಕ್ಯಾನ್ಸರ್ ಎಂದು ವರದಿ ಬಂತು. ನಿಧಾನದ್ದು, ಇನ್ನೂ ಚರ್ಮ ದಾಟಿಲ್ಲ, ವಾರಕ್ಕೆ ಮೂರು ಸಲ ಬೆಳಕಿನ ಚಿಕಿತ್ಸೆ ಸಾಕು ಎಂದರು ಡಾಕ್ಟರಮ್ಮ. ಅಕ್ಕ ಅಂದು ಒಂದೂ ತಮಾಷೆ ಮಾಡಲಿಲ್ಲ. ಬಸ್ಸಿನಲ್ಲಿ ಅವನ ಕೈಯನ್ನು ಬಿಡಲೇ ಇಲ್ಲ.

ಆರು ತಿಂಗಳ ಮೇಲೆ ಡಾಕ್ಟರಮ್ಮ, "ಸದ್ಯಕ್ಕೆ ರೋಗದ ಸುಳಿವಿಲ್ಲ" ಎಂದರು. ಕಾರ್ಡು ಹೂಂ ಅನ್ನುವವರೆಗೆ ಡಬ್ಬನಿಗೆ ಸಮಾಧಾನವೆಲ್ಲಿ? ಮನೆಗೆ ಬಂದವನೇ ಅಕ್ಕನನ್ನು ಕಿಟಕಿಯ ಬಳಿ ಕೂರಿಸಿದ. ಮೂವತ್ತೆರಡನ್ನು ಹಿಡಿದು ನೋಡಿದ, ಮೂವತ್ತಮೂರನ್ನು ಹಿಡಿದು ನೋಡಿದ. ಆಮೇಲೆ ಕಾರ್ಡನ್ನು ಇನ್ನೂ ಒಂದು ಮನೆ ಸರಿಸಿದ.

"ಎಷ್ಟೋ?"

ಅವನು ಬೆರಳಿಟ್ಟು ತೋರಿಸಿದ. ಮೂವತ್ತನಾಲ್ಕು.

ಅಕ್ಕ ಅವನ ಕಣ್ಣೊರೆಸಿದಳು. "ಕಾರ್ಡ್ ಮೇಲೆ ಅಳಬೇಡ ಕಣೋ ಡಬ್ಬ, ನನ್ನ ಬಣ್ಣ ಬಿಟ್ಟುಹೋಗುತ್ತೆ."