ಕೆಂಪಿನ ಮೇಲೆ ಕೆಂಪು

ಬಣ್ಣ ಬಳಿದು ಒಂದೇ ಮಳೆಗಾಲ ಕಳೆದಿತ್ತು. ಆಗಲೇ ಪದರ ಎದ್ದು ಬರುತ್ತಿದೆ ಎಂದು ದೂರು ಬಂದು, ಪರೀಕ್ಷೆ ಮಾಡಲು ನಮ್ಮ ಕಚೇರಿ ನನ್ನನ್ನು ಕಳಿಸಿತು. ಮಲಪನಗುಡಿಯ ಆಚೆ, ಅದಿರು ತುಂಬುವ ಗಣಿ ಸೈಡಿಂಗಿಗೆ ಹೋಗುವ ಹಳಿ ಕಾಲುವೆ ದಾಟುವ ಕಡೆ ಇರುವ ಕಬ್ಬಿಣದ ಸೇತುವೆ ಅದು. ಸಂಡೂರಿನ ಅದಿರು ಹೊತ್ತ ಗೂಡ್ಸ್ ರೈಲುಗಳು ಹಗಲೆಲ್ಲ ಅದರ ಮೇಲೇ ಓಡುತ್ತವೆ. ದೂರದಿಂದ ಬೆಳ್ಳಿ ಬಣ್ಣ ಫಳಫಳ ಹೊಳೆಯುತ್ತಿತ್ತು. ಮೇಲೆ ಬಸಪ್ಪ, ಒಳಗೆ ವಿಷಪ್ಪ.

ಬಣ್ಣದ ದಪ್ಪ ಅಳೆಯುವ ಯಂತ್ರ ಎಲ್ಲ ಕಡೆ ಸರಿಯಿದೆ ಎಂದೇ ತೋರಿಸಿತು. ನಾನು ನಂಬಲಿಲ್ಲ. ಬ್ಲೇಡಿನಿಂದ ಚೌಕಳಿ ಗೀರಿ, ಟೇಪು ಅಂಟಿಸಿ ಎಳೆದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅದರ ಬೆನ್ನಿಗೆ ಕೆಂಪು ಅದಿರಿನ ಪುಡಿ. ಯಂತ್ರ, ಪಾಪ, ಧೂಳನ್ನೂ ಬಣ್ಣವೆಂದೇ ಅಳೆದಿತ್ತು.

ಬಳಿದ ಮೇಸ್ತ್ರಿ ಗಾಳೆಪ್ಪ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಏನಪ್ಪಾ ಇದು ಎಂದೆ.

"ಉಜ್ಜಿ ತೆಗದಷ್ಟೂ ಗಾಡಿ ಹೋದಾಗೆಲ್ಲ ಧೂಳು ಕುಂದ್ರತಿತ್ರಿ ಮೇಡಮ್ಮೋರ. ಸುತ್ತ ಕಟ್ಟಾಕ ತಾಡಪತ್ರಿ ಕೇಳಿದ್ವಿ, ಕೊಡ್ಲಿಲ್ಲ. ಮೊದಲ್ನೇ ಕೋಟು ರೆಡ್ ಆಕ್ಸೈಡ್, ಅದೂ ಕೆಂಪು. ಕೆಂಪಿನ ಮ್ಯಾಲೆ ಕೆಂಪು, ಯಾರಿಗ ಕಾಣ್ತೈತಿ, ಬಳೀರಿ ಅಂದ್ರು ಕನಕರಾಜ್ ಸಾಹೇಬ್ರು."

ಕನಕರಾಜ್ ಎಂದರೆ ಗುತ್ತಿಗೆದಾರ. ಅವನು ದೂರದ ಜಾಲಿ ನೆರಳಲ್ಲಿ ಫೋನಿನಲ್ಲಿ ನಗುತ್ತಿದ್ದ.

ಸೇತುವೆಯ ತಲೆಯಲ್ಲಿ, ಹಳಿ ಸೇತುವೆ ಹತ್ತುವ ಕಡೆ, ಇನ್ನೊಂದು ಕಂಡಿತು. ಅಂಗೈಯಗಲ ಬಣ್ಣ ತಾನೇ ಉದುರಿತ್ತು. ಒಳಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ, ಎಣ್ಣೆಯ ಜಿಡ್ಡು.

"ಪೂಜಿ ಮಾಡಿ ಶುರು ಮಾಡಿದ್ವಿರಿ," ಎಂದ ಗಾಳೆಪ್ಪ. "ಮ್ಯಾಲೆ ಹತ್ತೋರು ನಾವು. ಕಬ್ಬಿಣ ಬಲಿ ಕೇಳ್ತೈತಂತಾರ."

ನಗು ಬರಲಿಲ್ಲ. ನಮ್ಮ ಮನೆಯಲ್ಲೂ ಹಣೆಗೆ ವಿಭೂತಿ ಇಡದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಆದರೆ ಬರಿ ಕಬ್ಬಿಣಕ್ಕೆ ಜಿಡ್ಡು ತಾಗಿದರೆ ಬಣ್ಣ ಹಿಡಿಯದು. ದೇವರ ಹೆಸರಿನ ಎಣ್ಣೆಯೂ ಎಣ್ಣೆಯೇ.

"ಬಣ್ಣ ಒಣಗಿದ ಮ್ಯಾಲೆ ಪೂಜಿ ಮಾಡ್ರಿ ಗಾಳೆಪ್ಪ."

"ಆತ್ರಿ. ನಮ್ ಗ್ಯಾಂಗಿನ ಕೆಲಸ ಹೋಗಂಗಿಲ್ಲಲ್ರಿ?"

"ಇಡೀ ಸೇತುವೆ ಕೆಡಿಸಿದ್ದು ಧೂಳು. ಹಂಗ ಬರಿತೀನಿ."

ಹಾಗೆಯೇ ಬರೆದೆ. ಇಡೀ ಸೇತುವೆಯ ಬಣ್ಣ ಕೆರೆದು, ತಾಡಪತ್ರಿ ಕಟ್ಟಿ, ಮತ್ತೆ ಬಳಿಯಬೇಕು ಎಂದೆ. ಅಂಗೈಯಗಲದ ಎಣ್ಣೆ ಕಲೆಯನ್ನೂ ಸೇರಿಸಿದೆ, ಕಂಡದ್ದನ್ನು ಬಿಡುವುದು ಪರೀಕ್ಷೆಯಲ್ಲ.

ಕಚೇರಿಯಿಂದ ತೀರ್ಮಾನ ಬಂತು: ಕೂಲಿಗಳ ಮೂಢನಂಬಿಕೆಯಿಂದ ಬಣ್ಣ ಹಾಳಾಗಿದೆ. ಆ ಗ್ಯಾಂಗನ್ನು ಬಿಡಿಸಿ, ಸೇತುವೆಯ ತಲೆಯಷ್ಟನ್ನು ಮತ್ತೆ ಬಳಿಯುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮ ಕಚೇರಿಯ ಮೇಲಧಿಕಾರಿ ಸಿದ್ದಲಿಂಗೇಶ್ ಅವರ ಮುಂದೆ ಹೋಗಿ ನಿಂತೆ.

"ಎಣ್ಣಿ ಅಂತ ನೀವ ಬರದೀರಲ್ಲಮ್ಮ," ಎಂದರು.

"ಧೂಳು ಅಂತನೂ ಬರದೀನ್ರಿ ಸರ್."

"ಧೂಳಿನ ತಪ್ಪು ಯಾರ ಮ್ಯಾಲೆ ಹಾಕೋದು? ಎಣ್ಣಿಗಾದ್ರ ಹಚ್ಚಿದ ಕೈ ಐತಿ."

ಗಾಳೆಪ್ಪ ಫೋನ್ ಮಾಡಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಮಾಡಲಿಲ್ಲ. ನಾನೇ ಮಾಡಿದಾಗ, "ನೀವೇನ್ ಮಾಡ್ತೀರಿ ಬಿಡ್ರಿ ಮೇಡಮ್ಮೋರ" ಎಂದ.

ಹೊಸ ಬಣ್ಣ ಬಳಿಯುವ ಮೊದಲು, ಕೆರೆದ ಕಬ್ಬಿಣ ನೋಡಲು ಮತ್ತೆ ಹೋದೆ. ಸೇತುವೆಯ ತಲೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮುಂದೆ ಮಿಂದು ಮಡಿಯುಟ್ಟ ಕನಕರಾಜ್, ಪಕ್ಕದಲ್ಲಿ ಪೂಜೆಗೆ ಬಂದ ಅಯ್ಯನವರು. ಅದೇ ಜಾಗದಲ್ಲಿ ಮೂರು ಗೆರೆ ವಿಭೂತಿ, ಕುಂಕುಮ, ಎಣ್ಣೆಯ ಜಿಡ್ಡು. ಒಡೆದ ಕಾಯಿಯ ನೀರು ಬರಿ ಕಬ್ಬಿಣದ ಮೇಲೆ ಇಳಿಯುತ್ತಿತ್ತು.

"ಇದೇನ್ರಿ? ಗಾಳೆಪ್ಪ ಮಾಡಿದ್ದಕ್ಕ ಅವನ ಕೆಲಸ ಕಳದ್ರಿ."

"ಅಂವ ಕೈಗೆ ಸಿಕ್ಕ ಎಣ್ಣಿ ಬಳದಿದ್ದ ಮೇಡಂ. ನಾವು ಅಯ್ಯನೋರ್ನ ಕರಸಿ ಪದ್ಧತಿ ಪ್ರಕಾರ ಮಾಡ್ಸೀವಿ. ಪ್ರಸಾದ ತಗೋರಿ."

ಕೆಲಸ ನಿಲ್ಲಿಸಿ ಎಂದೆ. ಸಿದ್ದಲಿಂಗೇಶ್ ಅವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. "ದೇವರ ಕೆಲಸಕ್ಕ ಅಡ್ಡ ಬರಬ್ಯಾಡಮ್ಮ" ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ಅದಿರಿನ ಗೂಡ್ಸ್ ಬಂತು. ಕೆಂಪು ಧೂಳು ಕಬ್ಬಿಣದ ಮೇಲೆ, ಕುಂಕುಮದ ಮೇಲೆ, ಕನಕರಾಜ್ ಚಾಚಿದ ಕೊಬ್ಬರಿ ಚೂರಿನ ಮೇಲೆ ಕೂತಿತು. ಹೊಸ ಮೇಸ್ತ್ರಿ ಬ್ರಷ್ ಅದ್ದಿದ. ಅವನು ತಾಡಪತ್ರಿ ಕೇಳಲಿಲ್ಲ. ಕೇಳಿದವನಿಗೆ ಏನಾಯಿತೆಂದು ಅವನಿಗೆ ಗೊತ್ತಿತ್ತು.