ಈಶ್ವರಯ್ಯನವರು ಡಬ್ಬಿ ಕಾರು ನೋಡಿದ್ದು

ಕಾರು ಓಡಿಸಲು ಬರುತ್ತಿದ್ದುದು ಗುರುಸಿದ್ದಮ್ಮನವರಿಗೆ. ಕಾರಿನ ಬಗ್ಗೆ ಅಭಿಪ್ರಾಯಗಳಿದ್ದುದು ಅವರ ಯಜಮಾನರು ಈಶ್ವರಯ್ಯನವರಿಗೆ. ಚನ್ನರಾಯಪಟ್ಟಣದ ಆ ಮನೆಯಲ್ಲಿ ಇವೆರಡೂ ಒಬ್ಬರಲ್ಲೇ ಇದ್ದಿದ್ದರೆ ಕಾರು ಎರಡು ವರ್ಷ ಮೊದಲೇ ಬಂದಿರುತ್ತಿತ್ತು.

ಗುರುಸಿದ್ದಮ್ಮ ದಂಡಿಗನಹಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಯ ಹೆಡ್ಮಿಸ್ಟ್ರೆಸ್. ವಯಸ್ಸು ಐವತ್ತೇಳು. ಬಸ್ಸಿನ ಮೊದಲ ಮೆಟ್ಟಿಲನ್ನು ಸಾರಿಗೆ ಇಲಾಖೆಯವರು ವರ್ಷಕ್ಕೊಂದು ಇಂಚು ಮೇಲೆತ್ತುತ್ತಿದ್ದಾರೆಂದು ಅವರ ಮೊಣಕಾಲುಗಳು ತೀರ್ಮಾನಿಸಿದ್ದವು. ಒಂದು ಬೇಸಿಗೆ ರಜೆಯಲ್ಲಿ ಪಿಯುಸಿ ಮುಗಿಸಿದ ಹುಡುಗರ ಜೊತೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲಕ್ಕೇ ಲೈಸೆನ್ಸ್ ಪಡೆದಿದ್ದರು. ಅದನ್ನು ಇದುವರೆಗೆ ಬ್ಯಾಂಕಿನಲ್ಲಿ ಗುರುತಿನ ಚೀಟಿಯಾಗಿ ಮಾತ್ರ ಬಳಸಿದ್ದರು.

ಈಶ್ವರಯ್ಯ ಪಶುಪಾಲನಾ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಜಾನುವಾರು ಅಧಿಕಾರಿಯಾಗಿದ್ದು ನಿವೃತ್ತರಾದವರು. ಡಾಕ್ಟರಲ್ಲ, ಆದರೆ ಸುತ್ತಿನ ಹಳ್ಳಿಗಳಿಗೆ ದನದ ಡಾಕ್ಟ್ರು. ನಿವೃತ್ತಿಯಾಗಿ ನಾಲ್ಕು ವರ್ಷವಾಗಿತ್ತು. ನೋಡಲು ದನಗಳಿಲ್ಲದೆ ಈಗ ಮೊಬೈಲಿನಲ್ಲಿ ಕಾರಿನ ವಿಡಿಯೊ ನೋಡುತ್ತಿದ್ದರು.

ಯಾವ ಕಾರು ಎಂಬುದರಲ್ಲಿ ಜಗಳವಿರಲಿಲ್ಲ. ಗುರುಸಿದ್ದಮ್ಮ ಒಮ್ಮೆ ಸಹೋದ್ಯೋಗಿಯೊಬ್ಬರ ಮಗನ ಕಾರಿನಲ್ಲಿ ಕೂತಿದ್ದರು. ಚಿಕ್ಕದು, ಎತ್ತರ, ನಾಲ್ಕೂ ಕಡೆ ನೆಟ್ಟಗೆ ಕತ್ತರಿಸಿದ ಬಿಸ್ಕತ್ತಿನ ಡಬ್ಬಿಯ ಆಕಾರ. ಹರಿದ ಪ್ಯಾಂಟಿನ ನಾಲ್ವರು ಹುಡುಗ ಹುಡುಗಿಯರು ಸಮುದ್ರದ ದಂಡೆಯಲ್ಲಿ ಅದರ ಸುತ್ತ ಕುಣಿಯುವುದು ಜಾಹೀರಾತಿನಲ್ಲಿ ಬರುತ್ತಿತ್ತು. ಗುರುಸಿದ್ದಮ್ಮನವರು ಗಮನಿಸಿದ್ದು ಬೇರೆ. ಮಿಕ್ಕ ಕಾರುಗಳಲ್ಲಿ ಕೂರುವುದೆಂದರೆ ಬಾವಿಗಿಳಿಯಬೇಕು, ಇಲ್ಲವೇ ಲಾರಿ ಹತ್ತಬೇಕು. ಇದರಲ್ಲಿ ಸೀರೆ ಉಟ್ಟು, ಕುರ್ಚಿಯ ಮೇಲೆ ಕೂತ ಹಾಗೆ ಕೂರಬಹುದು, ಕುರ್ಚಿಯಿಂದ ಎದ್ದ ಹಾಗೆ ಏಳಬಹುದು.

ಜಗಳವಿದ್ದದ್ದು ಹೊಸದೋ ಹಳೆಯದೋ ಎಂಬುದರಲ್ಲಿ.

"ಹೊಸಾ ಕಾರು ಶೋರೂಮ್ ಬಾಗ್ಲು ದಾಟುದ್ ತಕ್ಷಣ ಹಳೇದಾಯ್ತದೆ ಕಣೇ. ಹಳೇದಾಗಿರಾದ್ನೇ ತಗಂಡ್ರೆ ಆಯ್ತು" ಎಂಬುದು ಈಶ್ವರಯ್ಯನವರ ವಾದ.

"ಯಾರು ಏನ್ ಮಾಡಿದಾರೋ ಗೊತ್ತಿಲ್ಲದ ಗಾಡಿ ನಂಗೆ ಬ್ಯಾಡ ಕಣ್ರೀ" ಎಂಬುದು ಗುರುಸಿದ್ದಮ್ಮನವರದು.

ಇದು ಎರಡು ವರ್ಷ ನಡೆದು ಮೂರನೆಯ ದಸರೆ ಬಂತು. ದಸರಾ ರಜೆಯ ಮೊದಲ ದಿನ ಇಬ್ಬರೂ ಬಸ್ಸು ಹಿಡಿದು ಅರಕಲಗೂಡಿಗೆ ಹೋದರು. ಅಲ್ಲಿ ಮೊಬೈಲ್ ಅಂಗಡಿಯ ಶಶಿಕುಮಾರ್ ಎಂಬ ಹುಡುಗ ತನ್ನ ಡಬ್ಬಿ ಕಾರು ಮಾರಾಟಕ್ಕಿಟ್ಟಿದ್ದ. ಕಿತ್ತಳೆ ಬಣ್ಣ, ಗಾಜಿಗೆಲ್ಲ ಕಪ್ಪು ಫಿಲ್ಮು, ಹಿಂದೆ ಗರುಡನ ಸ್ಟಿಕ್ಕರು.

ಈಶ್ವರಯ್ಯ ಮೊದಲು ಕಾರಿನ ಸುತ್ತ ಎರಡು ಸುತ್ತು ಬಂದರು. ಆಮೇಲೆ ಹತ್ತಡಿ ಹಿಂದೆ ನಿಂತು, "ಸ್ವಲ್ಪ ಮುಂದಕ್ ನಡ್ಸಪ್ಪಾ" ಎಂದರು. ಕಾರು ಚಲಿಸಿತು. ಅವರು ತಲೆ ವಾರೆ ಮಾಡಿ ಹಿಂದಿನ ಚಕ್ರಗಳನ್ನೇ ನೋಡಿದರು.

"ಎಷ್ಟನೇ ಸೂಲು?"

ಶಶಿಕುಮಾರನಿಗೆ ಅರ್ಥವಾಗಲಿಲ್ಲ. "ಏನ್ಸಾ?"

"ಎಷ್ಟ್ ಕೈ ಬದಲಾಗದೆ ಅಂದೆ."

"ನಾನು ಸೆಕೆಂಡ್ ಓನರ್ ಸಾ. ಬರೀ ಇಪ್ಪತ್ತೆಂಟ್ ಸಾವ್ರ ಓಡದೆ. ಮೀಟ್ರು ನೋಡಿ ಸಾ."

ಈಶ್ವರಯ್ಯ ಮೀಟರು ನೋಡಲಿಲ್ಲ. ಬಾಗಿಲು ತೆಗೆದು, ಬಗ್ಗಿ, ಬ್ರೇಕಿನ ಪೆಡಲ್ಲನ್ನು ಬೆರಳಿನಿಂದ ಸವರಿದರು. ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಸ್ಟೀರಿಂಗು ದೇವಸ್ಥಾನದ ಹೊಸ್ತಿಲಿನಂತೆ ನುಣ್ಣಗಾಗಿತ್ತು.

"ನೋಡಪ್ಪಾ," ಎಂದರು ಅವರು ಬೇಸರವಿಲ್ಲದೆ, "ಹಸೀನ ಕೊಂಬಲ್ಲಿ ಉಂಗ್ರ ಇರ್ತವೆ. ಎಣಿಸುದ್ರೆ ಎಷ್ಟ್ ಸೂಲು, ಎಷ್ಟ್ ಸಲ ಕರು ಹಾಕದೆ ಅಂತ ಗೊತ್ತಾಯ್ತದೆ. ಅದ್ಕೇ ದಲ್ಲಾಳಿಗಳು ಕೊಂಬ್ ಹೆರ್ದು ಉಂಗ್ರ ಅಳಿಸ್ತಾರೆ. ಆದ್ರೆ ಹಲ್ಲು ಮರ್ತೋಗ್ತಾರೆ."

ಶಶಿಕುಮಾರ್ ಸವೆದ ಪೆಡಲ್ಲನ್ನೊಮ್ಮೆ, ಮೀಟರನ್ನೊಮ್ಮೆ ನೋಡಿದ. ಅಷ್ಟರಲ್ಲಿ ಗುರುಸಿದ್ದಮ್ಮ ಒಳಗೆ ಕೂತು ನೋಡಿದ್ದರು. ಹಿಂದಿನ ಜಾಗವನ್ನೆಲ್ಲ ಒಂದು ಸ್ಪೀಕರ್ ಪೆಟ್ಟಿಗೆ ತುಂಬಿತ್ತು. ಕೀ ತಿರುಗಿಸಿದೊಡನೆ ಅದು ಹೊಡೆದ ಸದ್ದಿಗೆ ಅವರ ಕನ್ನಡಕ ಮೂಗಿನ ತುದಿಗೆ ಬಂತು. ಅವರು ಇಳಿದು, ಕನ್ನಡಕ ಸರಿಮಾಡಿಕೊಂಡು, "ನಿಮ್ಮಪ್ಪ ಅಮ್ಮನ್ನ ಇದ್ರಲ್ಲಿ ಒಂದ್ಸಲನಾದ್ರೂ ಕೂರ್ಸಿದ್ದೀಯಾಪ್ಪಾ?" ಎಂದು ಕೇಳಿದರು. ಅವನು ಇಲ್ಲವೆಂದ. ಅಲ್ಲಿಗೆ ಆ ಕಾರಿನ ವಿಚಾರ ಮುಗಿಯಿತು.

ವಾಪಸ್ಸು ಬರುವಾಗ ಬಸ್ಸಿನಲ್ಲೇ ಗುರುಸಿದ್ದಮ್ಮ ಹಾಸನದ ಶೋರೂಮಿಗೆ ಫೋನ್ ಮಾಡಿದರು. ಮನೆಬಾಗಿಲಿಗೇ ಟೆಸ್ಟ್ ಡ್ರೈವ್ ಕಳಿಸುತ್ತೇವೆಂದರು ಅಲ್ಲಿಯವರು. ಈಶ್ವರಯ್ಯ ಕಿಟಕಿಯಾಚೆ ನೋಡಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಿಳಿ ಡಬ್ಬಿ ಕಾರೊಂದು ಮನೆಯ ಮುಂದೆ ನಿಂತಿತು. ಅದರಿಂದ ಇಳಿದವಳು ಮಾನಸಾ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಟ್ಯಾಬು. ಸೀಟುಗಳ ಮೇಲೆ ಇನ್ನೂ ಪ್ಲಾಸ್ಟಿಕ್ ಹೊದಿಕೆಯಿತ್ತು. ಅವಳು ಸುತ್ತಮುತ್ತ ನೋಡಿ, "ಸರ್, ಕಸ್ಟಮರ್ ಎಲ್ಲಿ? ನಿಮ್ಮ ಮಗನಾ, ಮಗಳಾ?" ಎಂದಳು.

"ನಾನೇ" ಎಂದರು ಗುರುಸಿದ್ದಮ್ಮ.

ಮಾನಸಾ ಒಂದು ಕ್ಷಣ ಟ್ಯಾಬು ನೋಡಿದಳು. ಅದರಲ್ಲಿ ಈ ಸಂದರ್ಭಕ್ಕೆ ಏನೂ ಬರೆದಿರಲಿಲ್ಲ. ಹಾಗಾಗಿ ಕಲಿತದ್ದನ್ನೇ ಹೇಳಿದಳು. "ಇದು ಫುಲ್ ಯೂತ್ ಕಾರ್ ಮೇಡಂ. ಹಿಂದಿನ ಸೀಟ್ ಮಡಚಿದ್ರೆ ಪೂರ್ತಿ ಫ್ಲಾಟ್ ಆಗುತ್ತೆ. ಫ್ರೆಂಡ್ಸ್ ಜೊತೆ ಟ್ರೆಕಿಂಗ್ ಹೋಗೋವಾಗ ಟೆಂಟು, ಗಿಟಾರು ಎಲ್ಲಾ ಇಡಬಹುದು."

"ಗಿಟಾರ್ ಇಲ್ಲ ನಮ್ಮನೇಲಿ" ಎಂದರು ಈಶ್ವರಯ್ಯ, ಒಂದು ನೋಟ್ ಪುಸ್ತಕ ತೆಗೆದು. ಅದರಲ್ಲಿ ಇಪ್ಪತ್ತೇಳು ಪ್ರಶ್ನೆಗಳಿದ್ದವು.

ಶೋರೂಮಿನ ನಿಯಮದಂತೆ ಟೆಸ್ಟ್ ಡ್ರೈವ್ ಐದು ಕಿಲೋಮೀಟರು. ಗುರುಸಿದ್ದಮ್ಮ ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ, "ನಾನು ದಿನಾ ಹೋಗೋ ರಸ್ತೇಲಿ ಓಡಿಸಿ ನೋಡ್ತೀನಿ ಕಣಮ್ಮಾ" ಎಂದರು. ಆ ದನಿಗೆ ಎದುರಾಡುವುದನ್ನು ಮಾನಸಾ ಯಾವ ಶಾಲೆಯಲ್ಲೂ ಕಲಿತಿರಲಿಲ್ಲ. ಕಾರು ದಂಡಿಗನಹಳ್ಳಿ ದಾರಿ ಹಿಡಿಯಿತು.

ಗುರುಸಿದ್ದಮ್ಮ ಮೂವತ್ತೈದರಲ್ಲಿ ಹೋಗುತ್ತಿದ್ದರು. ಎತ್ತಿನ ಗಾಡಿಯವನೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಅವರು ದಾಟಲಿ ಎಂದು ತುಸು ಹೊತ್ತು ಕಾಯಬೇಕಾಯಿತು. ಈಶ್ವರಯ್ಯ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತಿದ್ದರು. ಒಂಬತ್ತನೇ ಪ್ರಶ್ನೆಯಲ್ಲಿದ್ದಾಗ ರಸ್ತೆಯ ಮಧ್ಯೆ ಒಬ್ಬ ಗಂಡಸು ಎರಡೂ ಕೈ ಎತ್ತಿ ನಿಂತಿದ್ದ.

"ಡಾಕ್ಟ್ರೇ! ಅಯ್ಯೋ, ನೀವೇಯಾ! ಸಿವ ಕಳುಸ್ದಂಗ್ ಬಂದ್ರಿ ಸಾ!" ಅವನು ರಾಮಣ್ಣ, ಅಲ್ಲಿನ ರೈತ. ರಸ್ತೆ ಪಕ್ಕದಲ್ಲಿ ಮೂರು ತಿಂಗಳ ಹೆಣ್ಣುಗರು ಬಿದ್ದಿತ್ತು. ಅದರ ತಲೆ ರಾಮಣ್ಣನ ಹೆಂಡತಿ ಚಿಕ್ಕಲಕ್ಷ್ಮಮ್ಮನ ತೊಡೆಯ ಮೇಲಿತ್ತು. ಬೈಕಿನವನ್ಯಾರೋ ಗುದ್ದಿ ನಿಲ್ಲದೆ ಹೋಗಿದ್ದ. ಮುಂಗಾಲಿನ ಮೂಳೆ ಮುರಿದು ಚರ್ಮ ಸೀಳಿ ರಕ್ತ ಹರಿಯುತ್ತಿತ್ತು. ಪಶು ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಅದು ಇನ್ನೊಂದು ಹೋಬಳಿಯ ಕರೆಗೆ ಹೋಗಿತ್ತು, ಬರಲು ಎರಡು ಗಂಟೆ.

ಈಶ್ವರಯ್ಯ ನೋಟ್ ಪುಸ್ತಕವನ್ನು ಸೀಟಿನ ಮೇಲಿಟ್ಟು ಇಳಿದರು. ಕೆಸರಿನಲ್ಲಿ ಮಂಡಿಯೂರಿದರು. ಗಾಯದ ಮೇಲ್ಭಾಗದಲ್ಲಿ ಬೆರಳಿಟ್ಟು ಒತ್ತಿ, ಹೆಗಲ ಮೇಲಿನ ಟವೆಲ್ಲು ಹರಿದು ಕಟ್ಟಿ ರಕ್ತ ನಿಲ್ಲಿಸಿದರು. "ಬಿದಿರ್ ದಬ್ಬೆ ತಗಂಬಾ ರಾಮಣ್ಣ, ಎರ್ಡು, ಗೇಣುದ್ದ" ಎಂದರು. ದಬ್ಬೆ ಕಟ್ಟಿ ಮುಗಿಸುವವರೆಗೆ ಮತ್ತೆ ಮಾತಾಡಲಿಲ್ಲ. ಗುರುಸಿದ್ದಮ್ಮ ನಾಲ್ಕು ವರ್ಷದಿಂದ ಆ ಮೌನ ಕೇಳಿರಲಿಲ್ಲ. ಮನೆಯಲ್ಲಿ ಅವರು ಸುಮ್ಮನಿರುತ್ತಿದ್ದದ್ದು ಬೇರೆ, ಇದು ಬೇರೆ.

"ಆಸ್ಪತ್ರೆಗ್ ಒಯ್ಬೇಕು" ಎಂದು ಎದ್ದರು. "ಹೊಲಿಗೆ ಹಾಕಿ, ಪಟ್ಟಿ ಕಟ್ಬೇಕು. ಎರ್ಡ್ ಗಂಟೆ ತಡಿಯಲ್ಲ ಇದು."

"ಟೆಂಪೋ ಇಲ್ವಲ್ಲಾ ಸಾ" ಎಂದ ರಾಮಣ್ಣ.

ಎಲ್ಲರೂ ಕಾರು ನೋಡಿದರು. ಆಮೇಲೆ ಮಾನಸಾಳನ್ನು ನೋಡಿದರು.

"ಸರ್, ಇದು ಡೆಮೊ ಗಾಡಿ" ಎಂದಳು ಮಾನಸಾ ಅಳುವ ದನಿಯಲ್ಲಿ. "ಶೂ ಹಾಕ್ಕೊಂಡು ಕೂರೋಕೂ ಬಿಡಲ್ಲ ನಮ್ಮ ಮ್ಯಾನೇಜರು."

ಚಿಕ್ಕಲಕ್ಷ್ಮಮ್ಮ ಏನೂ ಬೇಡಲಿಲ್ಲ. ಕರುವಿನ ಕಿವಿ ಸವರುತ್ತಾ, "ಇದ್ರವ್ವ ಆಗ್ಲಿಂದ ಕೂಗ್ತಾ ಅವ್ಳೆ ಕಣವ್ವಾ, ಕೇಳುಸ್ತದಾ?" ಎಂದಳು. ಹೊಲದಾಚೆಯ ಕೊಟ್ಟಿಗೆಯಿಂದ ಹಸು ಅಂಬಾ ಎನ್ನುತ್ತಿತ್ತು. ಮಾನಸಾ ಕೇಳಿಸಿಕೊಂಡಳು. ಟ್ಯಾಬನ್ನು ಬ್ಯಾಗಿಗೆ ಹಾಕಿ, ಹಿಂದಿನ ಬಾಗಿಲು ತೆಗೆದು, ಪಟ್ಟಿ ಎಳೆದು ಸೀಟು ಮಡಚಿದಳು. ಅದು ನಿಜವಾಗಿಯೂ ಪೂರ್ತಿ ಫ್ಲಾಟ್ ಆಯಿತು.

ಗೋಣಿಚೀಲ ಹಾಸಿ ಕರುವನ್ನು ಮಲಗಿಸಿದರು. ಪಕ್ಕದಲ್ಲಿ ಚಿಕ್ಕಲಕ್ಷ್ಮಮ್ಮ ಕೂತಳು. ಹಿಂದಿನ ಸೀಟಿನ ಒಂದು ಬದಿಯನ್ನು ಮಾತ್ರ ಮತ್ತೆ ಎತ್ತಿ ನಿಲ್ಲಿಸಿದ್ದರು. ಅಲ್ಲಿ ಮಾನಸಾ ತಿರುಗಿ ಕೂತು ಕರುವಿನ ಕಾಲು ಅಲ್ಲಾಡದಂತೆ ಹಿಡಿದಳು. ರಾಮಣ್ಣ ಬೈಕಿನಲ್ಲಿ ಹಿಂದೆ ಬಂದ.

"ನಿಧಾನಕ್ಕೆ ಹೋಗು" ಎಂದರು ಈಶ್ವರಯ್ಯ ಅಭ್ಯಾಸಬಲದಿಂದ.

"ಸುಮ್ನಿರ್ರೀ" ಎಂದರು ಗುರುಸಿದ್ದಮ್ಮ.

ಹೋಗುವಾಗ ಮೂವತ್ತೈದು ದಾಟದಿದ್ದ ಮುಳ್ಳು ಬರುವಾಗ ಎಪ್ಪತ್ತರಲ್ಲಿ ನಿಂತಿತು. ಅವರು ಹಾರ್ನ್ ಒತ್ತಿದರು, ಲಾರಿಯೊಂದನ್ನು ಹಿಂದೆ ಹಾಕಿದರು, ಹೊಂಡಗಳನ್ನು ತಪ್ಪಿಸಿದರು. ತಪ್ಪಿಸಲಾಗದ ಹೊಂಡಕ್ಕೆ ಮೊದಲೇ "ಹಿಡ್ಕೊಳ್ಳಿ" ಎಂದು ಕೂಗಿದರು. ಆ ರಸ್ತೆಯ ಒಂದೊಂದು ಹೊಂಡವೂ ಇಪ್ಪತ್ತು ವರ್ಷದ ಬಸ್ಸಿನ ಓಡಾಟದಲ್ಲಿ ಅವರಿಗೆ ಬೆನ್ನಿನಿಂದಲೇ ಪರಿಚಯವಿತ್ತು. ಅರ್ಧ ದಾರಿಯಲ್ಲಿ ಕರು ಸಗಣಿ ಹಾಕಿತು. ಊರು ಇನ್ನೇನು ಬಂತೆನ್ನುವಾಗ ಉಚ್ಚೆಯನ್ನೂ ಹೊಯ್ದಿತು. ಗೋಣಿಚೀಲ ತನ್ನ ಕೈಲಾದಷ್ಟನ್ನು ತಡೆಯಿತು.

ಪಟ್ಟಣದ ಪಶು ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರಿದ್ದರು. ದಬ್ಬೆ ಬಿಚ್ಚುತ್ತಾ, "ಯಾರು ಕಟ್ಟಿದ್ದು ಇದನ್ನ?" ಎಂದರು. ಈಶ್ವರಯ್ಯ ಮುಂದೆ ಬಂದರು. "ಚೆನ್ನಾಗಿ ಕಟ್ಟಿದ್ದೀರಿ. ಸ್ವಲ್ಪ ಹಿಡ್ಕೊಳ್ತೀರಾ ಸರ್?" ಎಂದು ಕೇಳಿದರು ಡಾಕ್ಟರು. ಈಶ್ವರಯ್ಯ ಒಂದೂಕಾಲು ಗಂಟೆ ಹಿಡಿದುಕೊಂಡರು. ಹೊರಗೆ ಬಂದಾಗ ಅಂಗಿಯೆಲ್ಲ ಪ್ಲಾಸ್ಟರಿನ ಸುಣ್ಣ, ಮುಖದಲ್ಲಿ ಹೊಟ್ಟೆ ತುಂಬ ಉಂಡವರ ಕಳೆ. ಕಾಲು ಉಳಿಯುತ್ತದೆ, ಸ್ವಲ್ಪ ಕುಂಟು ಉಳಿಯಬಹುದು ಎಂದರು. ಚಿಕ್ಕಲಕ್ಷ್ಮಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು, ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಅಳಬೇಕಾದವರು ಇನ್ನೊಬ್ಬರಿದ್ದರು. ಮಾನಸಾ ಕಾರಿನ ಹಿಂಬಾಗಿಲು ತೆಗೆದು ನೋಡುತ್ತಾ ನಿಂತಿದ್ದಳು. ಬಕೆಟ್ಟಿನಲ್ಲಿ ನೀರು ತಂದು ಗುರುಸಿದ್ದಮ್ಮನೂ ಅವಳೂ ಸೇರಿ ತೊಳೆದರು. ಸಗಣಿ ಹೋಯಿತು. ವಾಸನೆ ಹೋಗಲಿಲ್ಲ.

"ಮೇಡಂ, ನನ್ನ ಕೆಲಸ ಹೋಗುತ್ತೆ" ಎಂದಳು ಮಾನಸಾ.

"ನಿನ್ನೊಬ್ಬಳನ್ನೇ ಕಳಿಸಲ್ಲ, ನಡಿ" ಎಂದು ಗುರುಸಿದ್ದಮ್ಮ ಮತ್ತೆ ಸ್ಟೀರಿಂಗ್ ಹಿಡಿದರು. ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಮೂವರೂ ಹಾಸನಕ್ಕೆ ಹೋದರು.

ಮ್ಯಾನೇಜರ್ ಮೋಹನ್‌ಕುಮಾರ್ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಅವರು ಹಿಂಬಾಗಿಲು ತೆಗೆದರು, ಮುಚ್ಚಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರು. "ಏನಮ್ಮಾ ಇದು? ನಾಳೆ ಈ ಗಾಡಿ ತೋರ್ಸೋಕೆ ನಾಲ್ಕು ಜನಕ್ಕೆ ಟೈಮ್ ಕೊಟ್ಟಿದೀನಿ. ಎಲ್ಲಾ ಕಾಲೇಜ್ ಹುಡುಗರು. ಕೊಟ್ಟಿಗೆ ವಾಸನೆ ಬರೋ ಗಾಡಿ ಯಾರ್ ತಗೋತಾರೆ?"

"ಸರ್, ನಾನು..." ಎಂದು ಮಾನಸಾ ಶುರುಮಾಡಿದಳು.

"ಕರು ಹತ್ತಿಸಿದ್ದು ನಾವು" ಎಂದರು ಗುರುಸಿದ್ದಮ್ಮ. "ಈ ಹುಡುಗಿ ಅದರ ಕಾಲು ಹಿಡ್ಕೊಂಡು ಕೂತಿದ್ದಳು. ಇವಳನ್ನೇನಾದರೂ ಅಂದ್ರೆ ನಾನು ನಿಮ್ಮಲ್ಲಿ ಗಾಡಿ ತಗಳಲ್ಲ."

"ತಗೊಳ್ತೀರಾ?" ಮೋಹನ್‌ಕುಮಾರ್ ದನಿ ಬದಲಾಯಿತು. "ಯಾವ ಬಣ್ಣ ಮೇಡಂ?"

"ಇದೇ. ಈ ಗಾಡೀನೇ."

ಮೋಹನ್‌ಕುಮಾರ್ ಸ್ವಲ್ಪ ಯೋಚಿಸಿದರು. ಡೆಮೊ ಗಾಡಿಯನ್ನು ವರ್ಷ ತುಂಬಿದ ಮೇಲೆ ರಿಯಾಯಿತಿಯಲ್ಲಿ ಮಾರುವುದುಂಟು. ಇದಕ್ಕೆ ಇನ್ನೂ ಏಳು ತಿಂಗಳು ಬಾಕಿಯಿತ್ತು. ಅವರು ಇನ್ನೊಮ್ಮೆ ಹಿಂಬಾಗಿಲು ತೆಗೆದು ಮೂಸಿ, ಈಗಲೇ ಕೊಡಬಹುದು ಎಂದರು. ನೋಂದಣಿ ಮಾತ್ರ ಕಂಪನಿ ಹೆಸರಲ್ಲಿದೆ, ಆರ್‌ಸಿ ಪುಸ್ತಕದಲ್ಲಿ ಇವರು ಎರಡನೇ ಮಾಲೀಕರಾಗುತ್ತಾರೆ ಎಂದೂ ಹೇಳಿದರು.

ಈಶ್ವರಯ್ಯ ಹೆಂಡತಿಯನ್ನು ಪಕ್ಕಕ್ಕೆ ಕರೆದರು. "ಇದು ಸೆಕೆಂಡ್ ಹ್ಯಾಂಡ್ ಆಗೋಯ್ತದೆ ಕಣೇ. ನೀನು ಹೊಸಾದೇ ಬೇಕು ಅಂತಿದ್ದೆ."

"ಯಾರ್ ಏನ್ ಮಾಡಿದಾರೋ ಗೊತ್ತಿಲ್ದಿರೋದು ಬ್ಯಾಡ ಅಂದಿದ್ದೆ ಕಣ್ರೀ. ಇದ್ರಲ್ಲಿ ಏನಾಗದೆ ಅಂತ ನಂಗೆ ಪೂರ್ತಿ ಗೊತ್ತು."

"ಇನ್ನೂ ಹದಿನೆಂಟು ಪ್ರಶ್ನೆ ಕೇಳಿಲ್ಲ."

"ಕೇಳ್ತಾ ಇರಿ. ನಾನು ಸೈನ್ ಹಾಕಿರ್ತೀನಿ."

ಈಶ್ವರಯ್ಯ ಕೇಳಲಿಲ್ಲ. ಶೋರೂಮಿನ ಗಾಜಿನ ಮುಂದೆ ನಿಂತು, ಒಣಗಿದ ಪ್ಲಾಸ್ಟರನ್ನು ಉಗುರಿನಿಂದ ಕೆರೆಯುತ್ತಾ, ಮುರಿದ ಕಾಲಿಗೆ ಪಟ್ಟಿ ಕಟ್ಟುವಾಗ ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಯಾಕೆ ಸೇರಿಸಿಕೊಳ್ಳಬೇಕೆಂದು ಮಾನಸಾಳಿಗೆ ವಿವರಿಸುತ್ತಿದ್ದರು. ಅವಳು ಗಮನವಿಟ್ಟು ಕೇಳುತ್ತಿದ್ದಳು.

ಎರಡು ವಾರದಲ್ಲಿ ಕಾಗದಪತ್ರ ಮುಗಿದು ಕಾರು ಮನೆಗೆ ಬಂತು. ರಜೆ ಮುಗಿದು ಶಾಲೆ ಶುರುವಾದ ಮೇಲೆ ಗುರುಸಿದ್ದಮ್ಮ ದಿನವೂ ಅದರಲ್ಲೇ ಹೋಗತೊಡಗಿದರು. ಜೊತೆಗೆ ಈಶ್ವರಯ್ಯನೂ ಹೊರಡತೊಡಗಿದರು. ಹೆಂಡತಿಯನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಬರಲು ಎಂದು ಅವರು ಹೇಳುತ್ತಿದ್ದರು. ಕಾರು ಓಡಿಸುತ್ತಿದ್ದುದು ಹೆಂಡತಿಯೇ ಆದ್ದರಿಂದ ಈ ಮಾತನ್ನು ಯಾರೂ ಹೆಚ್ಚು ವಿಚಾರಿಸಲಿಲ್ಲ. ಶಾಲೆಯಿಂದ ಅವರು ನಡೆದು ಹೋಗಿ ಒಂದೆರಡು ಕೊಟ್ಟಿಗೆ ನೋಡಿ, ಸಂಜೆ ನಾಲ್ಕೂವರೆಗೆ ಗೇಟಿನ ಬಳಿ ಬಂದು ನಿಂತಿರುತ್ತಿದ್ದರು.